ಖಾಲಿ ಕುರ್ಚಿಯ ಚಿತ್ರಗಳು

ಅಂಗಡಿಯಲ್ಲಿ ಯಾರೂ ಇಲ್ಲದಾಗ ಎರಡನೇ ಕಂಪ್ಯೂಟರ್ ಉಸಿರಾಡುತ್ತಿತ್ತು. ಇದನ್ನು ಮೊದಲು ಗಮನಿಸಿದವಳು ನಾನು. ಆದರೆ ಯಾರಿಗೂ ಹೇಳಲಿಲ್ಲ. ಯಾವುದನ್ನೂ ಮೊದಲು ಹೇಳುವ ಅಭ್ಯಾಸ ನನಗಿಲ್ಲ.

ಇವೊ ಎಂಬ ಊರಿನಲ್ಲಿ ಕಾಲೇಜಿನ ಗೇಟಿಗೆ ಎದುರಾಗಿ ನಮ್ಮ ಅಂಗಡಿ. ಟೈಪಿಂಗ್, ಝೆರಾಕ್ಸ್, ಲ್ಯಾಮಿನೇಶನ್. ನಮ್ಮದು ಎನ್ನುತ್ತೇನೆ, ಆದರೆ ಅದು ನನ್ನ ಅಪ್ಪನ ತಂಗಿಯದು. ಮೆಕ್ಕಾಗೆ ಹೋಗಿ ಬಂದ ಮೇಲೆ ಊರೆಲ್ಲ ಅವರನ್ನು ಅಲ್ಹಾಜ ಎಂದು ಕರೆಯುತ್ತದೆ. ನಾನೂ ಹಾಗೇ ಕರೆಯುತ್ತೇನೆ. ಅಂಗಡಿಯ ಕಂಪ್ಯೂಟರುಗಳನ್ನೆಲ್ಲ ಜೋಡಿಸಿದ್ದು ಅವರ ಒಬ್ಬನೇ ಮಗ ಮುಬಾಶಿರು. ನನಗೆ ಟೈಪಿಂಗ್ ಕಲಿಸಿದ್ದೂ ಮುಬಾ ಅಣ್ಣನೇ. ಹೋದ ವರ್ಷ ಹಾರ್ಮಟ್ಟಾನ್ ಧೂಳುಗಾಳಿಯ ಕಾಲದಲ್ಲಿ, ಇಬಾದಾನ್ ರಸ್ತೆಯಲ್ಲಿ, ಎದುರಿನ ಲಾರಿ ಕಾಣದೆ ಅವನ ಬಸ್ಸು ಡಿಕ್ಕಿ ಹೊಡೆಯಿತು. ಈಗ ಮತ್ತೆ ಅದೇ ಧೂಳಿನ ಕಾಲ. ಅವನು ತೀರಿಕೊಂಡ ವರ್ಷದ ಪ್ರಾರ್ಥನೆ ಮುಗಿದು ಕೆಲವು ವಾರಗಳಾಗಿದ್ದವು.

ಆ ವಾರಗಳಲ್ಲೇ ಇದು ಶುರುವಾದದ್ದು. ಮಧ್ಯಾಹ್ನ ನಾನು ಅಕಾರ ವಡೆ ತರಲು ಹೋಗಿ ಬಂದರೆ, ಖಾಲಿ ಅಂಗಡಿಯಲ್ಲಿ ಆ ಒಂದು ಪರದೆ ಬೆಳಗುತ್ತಿರುತ್ತಿತ್ತು. ಪೆಟ್ಟಿಗೆಯೊಳಗಿನ ಫ್ಯಾನು, ಮೆಟ್ಟಿಲು ಹತ್ತಿ ಬಂದವರು ದಮ್ಮು ತೆಗೆದುಕೊಳ್ಳುವ ಹಾಗೆ, ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ತಿರುಗುತ್ತಿತ್ತು. ಪರದೆಯ ನೆತ್ತಿಯ ಮೇಲೆ ಕ್ಯಾಮೆರಾ ಇದೆ. ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿ ದೀಪ. ಕ್ಯಾಮೆರಾ ನೋಡುತ್ತಿರುವಾಗ ಮಾತ್ರ ಅದು ಹತ್ತಿಕೊಳ್ಳುತ್ತದೆ. ಆ ದೀಪ ಆರುತ್ತಲೇ ಇರಲಿಲ್ಲ. ಖಾಲಿ ಕುರ್ಚಿಯನ್ನು ಅದು ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ಎಷ್ಟು ದಿನ ಮುಚ್ಚಿಡಲಾದೀತು? ಪ್ರಾಜೆಕ್ಟ್ ಟೈಪ್ ಮಾಡಿಸಲು ಬಂದ ವಾಸಿಲ ಎಂಬ ವಿದ್ಯಾರ್ಥಿನಿ ಒಂದು ದಿನ ಮಾತಿನ ಮಧ್ಯೆ ನಿಲ್ಲಿಸಿದಳು.

“ಅದ್ಯಾಕೆ ನನ್ನೇ ನೋಡ್ತಿದೆ?”

“ಯಾವ್ದು?” ಎಂದರು ಅಲ್ಹಾಜ.

“ಆ ದೀಪ. ನಾನು ಒಳಗೆ ಬಂದಾಗ್ಲೂ ಹತ್ತಿತ್ತು. ಅಲ್ಲಿ ಯಾರೂ ಕೂತಿರ್ಲಿಲ್ಲ ಅಲ್ಹಾಜ. ಯಾರು ಹಚ್ಚಿದ್ದು?”

ಅವಳು ಕಾಗದಗಳನ್ನು ಎತ್ತಿಕೊಂಡು ಎದುರಿನ ಅಂಗಡಿಗೆ ಹೋದಳು. ಅವಳ ಹಿಂದೆ ಅವಳ ಗೆಳತಿಯರು ಹೋದರು. ಆಮೇಲೆ ಅವರ ಮಾತು ಕೇಳಿದವರು ಹೋದರು. ಅಲ್ಹಾಜರ ಅಂಗಡಿಯ ಯಂತ್ರ ಯಾರದೋ ಕಣ್ಣಂತೆ. ನಮ್ಮ ಪಾಸ್‌ವರ್ಡು, ನಮ್ಮ ಮುಖ, ನಮ್ಮ ಮಾತು ಎಲ್ಲಾ ಎಲ್ಲಿಗೋ ಹೋಗುತ್ತದಂತೆ.

ಹೀಗೆ ಅಂಗಡಿ ಬಣಗುಟ್ಟುತ್ತಿದ್ದ ಒಂದು ಶುಕ್ರವಾರ ಬೆಳಿಗ್ಗೆ ಇಯಾ ರಫಾತು ಬಂದು ಕೂತರು. ಇಯಾ ಎಂದರೆ ನಮ್ಮಲ್ಲಿ ತಾಯಿ. ರಫಾತುವಿನ ತಾಯಿಯಾದ ಇವರು ಅಲ್ಹಾಜರ ಅಕ್ಕ, ಅಂದರೆ ನನಗೆ ದೊಡ್ಡತ್ತೆ. ಸಂತೆಯಲ್ಲಿ ಬಟ್ಟೆ ಮಾರುತ್ತಾರೆ. ಅಲ್ಹಾಜರನ್ನು ಸಿದಿ ಎಂದು ಹೆಸರು ಹಿಡಿದು ಕರೆಯುವವರು ಇವರೊಬ್ಬರೇ.

“ಸಿದಿ, ನಿನ್ನ ಅಂಗಡೀಲಿ ಗಿರಾಕಿಗಿಂತ ನೊಣಾನೇ ಜಾಸ್ತಿ ಕಣೆ.”

“ಧೂಳು ಅಕ್ಕಾ. ಯಾರೂ ಹೊರಗೆ ಬರ್ತಿಲ್ಲ.”

“ಧೂಳಂತೆ ಧೂಳು! ಎದುರಿನ ಬಸೀರತ್ ಅಂಗಡೀಲಿ ಜನ ಬಾಗಿಲಾಚೆ ನಿಂತಿದಾರೆ. ಅವಳಿಗೇನು ದೇವ್ರು ಬೇರೆ ಗಾಳಿ ಬೀಸಿದಾನಾ?”

ಇಯಾ ರಫಾತು ನನ್ನತ್ತ ತಿರುಗಿದರು. ನಾನು ಸ್ಟೇಪ್ಲರ್ ಪಿನ್ನುಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ತಲೆ ಎತ್ತಲಿಲ್ಲ.

“ದಿನಾ ಆ ಯಂತ್ರದ ಮುಂದೆ ಕೂರೋಳು ಯಾರು? ಅದನ್ನ ಹೇಳು ಮೊದ್ಲು.”

“ಅಕ್ಕಾ, ಬೇಡ.”

“ನಾನೇನೂ ಹೇಳ್ಲಿಲ್ಲಪ್ಪ. ಕೇಳ್ದೆ ಅಷ್ಟೆ.”

ಅವರು ಹೇಳದೆ ಬಿಟ್ಟದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹುಟ್ಟಿ, ಸತ್ತು, ಅದೇ ಹೊಟ್ಟೆಗೆ ಮತ್ತೆ ಮತ್ತೆ ಬರುವ ಮಗುವಿಗೆ ನಮ್ಮಲ್ಲಿ ಅಬಿಕು ಎನ್ನುತ್ತಾರೆ. ನನಗಿಂತ ಮೊದಲು ಅಮ್ಮನಿಗೆ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಹಲ್ಲು ಮೂಡುವ ಮೊದಲೇ ಹೋದವು. ಕೊನೆಯದು ಹೋದಾಗ ಅದರ ಕಿರುಬೆರಳಿನ ತುದಿ ಕತ್ತರಿಸಿ, ಹುಬ್ಬಿಗೆ ಕೆಂಡ ತಾಗಿಸಿ ಮಣ್ಣು ಮಾಡಿದರು. ಮತ್ತೆ ಬಂದರೆ ಗುರುತು ಸಿಗಲಿ ಎಂದು. ನಾನು ಹುಟ್ಟಿದಾಗ ಎಡಗೈಯ ಕಿರುಬೆರಳಿಗೆ ಒಂದು ಗೆಣ್ಣು ಇರಲಿಲ್ಲ. ಬಲಹುಬ್ಬಿನ ಮೇಲೆ ಕೂದಲು ಬೆಳೆಯಲಿಲ್ಲ. ನನಗಿಟ್ಟ ಹೆಸರು ಕಶಿಮಾವೊ: ನೋಡುತ್ತಿರೋಣ, ಎಂದು ಅರ್ಥ. ಇರುತ್ತಾಳೋ ಹೋಗುತ್ತಾಳೋ ನೋಡುತ್ತಿರೋಣ. ಅಮ್ಮ ಇವತ್ತಿಗೂ ನೋಡುತ್ತಲೇ ಇದ್ದಾಳೆ. ನನ್ನನ್ನು ಎತ್ತಿ ಮುದ್ದಾಡಿದ್ದು ಕಡಿಮೆ. ಹೋಗುವವರನ್ನು ಯಾರು ಹಚ್ಚಿಕೊಳ್ಳುತ್ತಾರೆ? ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರಲು ಮಕ್ಕಳು ಹೆದರುತ್ತಿದ್ದರು. ಕೊನೆಗೆ ನಾನೇ ಹೋಗುವುದನ್ನು ಬಿಟ್ಟೆ. ಆಗ ಅಲ್ಹಾಜ ನಮ್ಮೂರು ಇರಾಗ್ಬಿಜಿಗೆ ಬಂದು, “ಇವಳು ನನಗಿರ್ಲಿ” ಎಂದು ಕೈ ಹಿಡಿದು ಕರೆತಂದರು. ನನಗೆ ಇರುವ ಮನೆ ಎಂದರೆ ಈ ಅಂಗಡಿ ಮತ್ತು ಅದರ ಹಿಂದಿನ ಕೋಣೆ.

ಅಲ್ಹಾಜ ಅಷ್ಟರಲ್ಲಾಗಲೇ ಇಂಜಿನಿಯರಿಗೆ ಹೇಳಿಕಳಿಸಿದ್ದರು. ಕಂಪ್ಯೂಟರ್ ರಿಪೇರಿ ಮಾಡುವವರನ್ನೆಲ್ಲ ನಾವು ಇಂಜಿನಿಯರ್ ಎನ್ನುತ್ತೇವೆ. ಇವನ ಹೆಸರು ಒಸಾಜೆ, ಬೆನಿನ್ ಕಡೆಯವನು. ನಮ್ಮ ಯೊರುಬಾ ಮಾತನ್ನು ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನಂತೆ ಆಡುತ್ತಾನೆ.

“ಬಾರಯ್ಯಾ ಬೆನಿನ್,” ಎಂದರು ಇಯಾ ರಫಾತು. “ಈ ಮನೇಲಿ ಏನು ಸೇರ್ಕೊಂಡಿದೆ, ನೋಡಿ ಹೇಳು.”

“ನನ್ನ ನೋಡಿದ್ರೆ ಭೂತ ಬಿಡಿಸೋನ ಹಾಗೆ ಕಾಣ್ತೀನಾ ಇಯಾ? ನಾನು ಬರೀ ಸ್ಕ್ರೂ ಬಿಡಿಸೋನು.”

ಅವನು ನನ್ನ ಕುರ್ಚಿಯಲ್ಲಿ ಕೂತು ಏನೋ ಒತ್ತಿದ. ಹೆಸರುಗಳ ಉದ್ದನೆಯ ಪಟ್ಟಿ ಬಂತು. ಹೊರಗೆ ಕಾಣಿಸಿಕೊಳ್ಳದೆ ಒಳಗೊಳಗೇ ನಡೆಯುತ್ತಿರುವ ಕೆಲಸಗಳು.

“ಇವೆಲ್ಲ ಹಿತ್ತಲ ಅಡುಗೆಮನೇಲಿ ಕೆಲಸ ಮಾಡೋರು ಅಂದ್ಕೊಳ್ಳಿ ಅಲ್ಹಾಜ. ಜಗಲೀಲಿ ಕೂತೋರಿಗೆ ಕಾಣಲ್ಲ. ಆದ್ರೆ ಅವರಿಲ್ದಿದ್ರೆ ಊಟ ಬರಲ್ಲ. ಈಗ ನಾವು ಹುಡುಕ್ಬೇಕಾದ್ದು, ಇವರ ಮಧ್ಯೆ ಮನೆಯೋನಲ್ಲದೋನು ಯಾರಾದ್ರೂ ಸೌಟು ಹಿಡ್ಕೊಂಡು ನಿಂತಿದಾನಾ ಅಂತ.”

ಅವನ ಬೆರಳು ಪಟ್ಟಿಯ ಮೇಲೆ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಿತು. ಇಂಗ್ಲಿಷಿನ ನಾಲ್ಕೇ ಅಕ್ಷರ. ಎಂ, ಎ, ಎಲ್, ಒ.

“ಓಹೋ! ಕ್ಯಾಮೆರಾ ಹಿಡ್ಕೊಂಡಿರೋನು ಇವ್ನೇ. ಕೆಟ್ಟ ಪ್ರೋಗ್ರಾಮಿಗೆ ನಾವು ಮಾಲ್‌ವೇರ್ ಅಂತೀವಿ. ಇವನು ನೋಡಿ, ಅದನ್ನೇ ಹಣೆ ಮೇಲೆ ಬರ್ಕೊಂಡು ಕೂತಿದಾನೆ. ನಾಚಿಕೆಗೆಟ್ಟೋನು!”

ಅವನು ನಕ್ಕ. ನಾವು ಮೂವರೂ ನಗಲಿಲ್ಲ. ಅಲ್ಹಾಜ ಮೇಜಿನ ಅಂಚು ಹಿಡಿದುಕೊಂಡರು.

ನಮ್ಮ ಮಾತಿನಲ್ಲಿ ‘ಮ ಲೊ’ ಎಂದರೆ ಹೋಗಬೇಡ. ಮೊದಲಕ್ಷರವನ್ನು ಸ್ವಲ್ಪ ಎಳೆದು ‘ಮಾ ಲೊ’ ಎಂದರೆ ನಡೆ, ಹೋಗು. ಬಾಯಲ್ಲಿ ಆಡಿದರೆ ಮಗುವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಬರೆಯುವಾಗ ಸರಿಯಾಗಿ ಬರೆಯುವವರು ಕಡಿಮೆ. ಫೋನಿನಲ್ಲಿ ಎಲ್ಲರೂ ಎರಡಕ್ಕೂ ಆ ನಾಲ್ಕೇ ಅಕ್ಷರ ಒತ್ತುತ್ತಾರೆ.

“ಮ ಲೊ,” ಎಂದರು ಅಲ್ಹಾಜ, ಮೆಲ್ಲಗೆ. ಅದು ಯಾರು ಯಾರಿಗೆ ಹೇಳಿದಂತಿತ್ತೋ ಗೊತ್ತಿಲ್ಲ.

“ಅಲ್ಲ,” ಎಂದರು ಇಯಾ ರಫಾತು. “ಮಾ ಲೊ. ಮನೆಯೋರನ್ನ ಹೊರಗೆ ಹಾಕೋ ಮಾತು ಅದು. ಗಿರಾಕಿಗಳು ಹೋಗಿದ್ದು ಹೇಗೆ ಮತ್ತೆ?”

ಒಸಾಜೆ ಇಬ್ಬರ ಮುಖವನ್ನೂ ನೋಡಿದ. “ನೀವಿಬ್ರೂ ಒಂದೇ ಮಾತು ಹೇಳ್ತಿದೀರ, ಆದ್ರೂ ಜಗಳ ಆಡ್ತಿದೀರ. ಇರಿ, ಮೊದ್ಲು ಇವನನ್ನ ಮುಗಿಸ್ತೀನಿ.”

ಅವನು ಆ ಹೆಸರನ್ನು ಕೊಂದ. ಪ್ರೋಗ್ರಾಮನ್ನು ನಿಲ್ಲಿಸುವುದಕ್ಕೆ ಈ ಕೆಲಸದವರು ಹಾಗೇ ಹೇಳುವುದು. ಪಟ್ಟಿಯಲ್ಲಿ ಆ ಜಾಗ ಮುಚ್ಚಿಕೊಂಡಿತು. ಬಿಳಿ ದೀಪ ಆರಿತು. ಒಂದು ಉಸಿರು, ಇನ್ನೊಂದು ಉಸಿರು. ಪಟ್ಟಿಯ ಹೆಸರುಗಳು ಸ್ವಲ್ಪ ಸರಿದು ಜಾಗ ಬಿಟ್ಟವು. ಅದು ಮತ್ತೆ ಬಂದು ಅಲ್ಲೇ ಕೂತಿತು. ದೀಪ ಹತ್ತಿತು.

ಮತ್ತೆ ಕೊಂದ. ಮತ್ತೆ ಬಂತು.

ಇಯಾ ರಫಾತು ಈಗ ಪರದೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

“ಸಾಯುತ್ತೆ, ಬರುತ್ತೆ. ಸಾಯುತ್ತೆ, ಬರುತ್ತೆ. ಸಿದಿ, ಇದನ್ನ ನಾವು ಎಲ್ಲೂ ನೋಡಿಲ್ವಾ? ಇಂಥದ್ದು ತನ್ನ ಜೊತೆಯೋರನ್ನ ಕರ್ಕೊಂಡೇ ಬರೋದು. ಮುಬಾನ್ನ ತಿಂದಾಯ್ತು, ಈಗ ಅಂಗಡಿ.”

“ಅಕ್ಕಾ!”

“ನಾನು ಅಕ್ಕ, ಅದಕ್ಕೇ ಹೇಳ್ತಿದೀನಿ. ಇದು ಕೆಟ್ಟದ್ದು ಅಂತ ಈ ಹುಡುಗ ಹೇಳಿದ್ರೆ, ಕಶಿ ಇವತ್ತು ಮಧ್ಯಾಹ್ನದ ಬಂಡಿಗೆ ಇರಾಗ್ಬಿಜಿಗೆ ಹೋಗ್ಬೇಕು. ತಂದದ್ದು ಅವಳು, ತಗೊಂಡು ಹೋಗೋಳೂ ಅವಳೇ. ಕೆಟ್ಟದ್ದಲ್ಲ ಅಂದ್ರೆ ನಾನು ಬಾಯಿ ಮುಚ್ತೀನಿ. ಆಯ್ತಾ?”

ಅಲ್ಹಾಜ ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಬೇಡ ಎನ್ನುತ್ತಾರೆಂದು ಕಾದೆ. ಮಗನನ್ನು ಕಳೆದುಕೊಂಡ ಮೇಲೆ ಅವರಿಗೆ ಅಕ್ಕನ ಎದುರು ಮಾತಾಡುವ ಶಕ್ತಿ ಉಳಿದಿರಲಿಲ್ಲ. “ಆಯ್ತು,” ಎಂದರು.

ನಾನು ಪಿನ್ನುಗಳನ್ನು ತುಂಬುತ್ತಲೇ ಇದ್ದೆ. ಡಬ್ಬಿ ಆಗಲೇ ತುಂಬಿತ್ತು.

ಒಸಾಜೆಯ ನಗು ಹೋಗಿತ್ತು. “ಇಯಾ, ಸ್ವಲ್ಪ ತಡೀರಿ. ಕೊಂದ್ರೆ ವಾಪಸ್ ಬರುತ್ತೆ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಒಳ್ಳೆಯವೂ ಎಷ್ಟೋ ಹೀಗೇ ಬರ್ತವೆ. ಹೆಸರು ನೋಡಿ ನಾನು ತಮಾಷೆ ಮಾಡ್ದೆ, ಅದು ಲೆಕ್ಕಕ್ಕಿಲ್ಲ. ನೋಡ್ಬೇಕಾದ್ದು ಬೇರೆ ಇದೆ. ಇದನ್ನ ಯಾರು ತಂದು ಹಾಕ್ತಿದಾರೆ, ಎಲ್ಲಿ ವಾಸ, ಹೊರಗಿನೋರ ಜೊತೆ ಮಾತಾಡುತ್ತಾ.”

“ಯಾರು ತಂದು ಹಾಕ್ತಿದಾರೆ ಅಂತ ನಾನು ಹೇಳಿದೆನಲ್ಲ.”

“ಹಾಗಾದ್ರೆ ತೋರಿಸ್ಬೇಕಲ್ವಾ?”

“ತೋರಿಸೋದೇನು ಮಹಾ? ಗುರುತು ಹಾಕಿ ಕಳ್ಸು,” ಎಂದರು ಇಯಾ ರಫಾತು. “ನಾವು ಹಾಗೇ ಮಾಡಿದ್ದು. ಕತ್ತಿ ಹಿಡಿದದ್ದು ಈ ಕೈಯೇ.”

ಅದು ನನಗೆ ಗೊತ್ತಿರಲಿಲ್ಲ. ಅವರ ಕೈಯನ್ನು ನೋಡಿದೆ. ದಪ್ಪ ಬೆರಳುಗಳು, ಬಟ್ಟೆ ಅಳೆದು ಅಳೆದು ನುಣುಪಾದವು. ನನಗಿಂತ ಮೊದಲು ಇದ್ದವಳ ಕಿರುಬೆರಳನ್ನು ಆ ಬೆರಳುಗಳು ಹೇಗೆ ಹಿಡಿದಿದ್ದಾವು ಎಂದು ಯೋಚಿಸಿದೆ.

ಒಸಾಜೆ ತೊಡೆ ತಟ್ಟಿದ. “ಒಳ್ಳೆ ಮಾತು. ಹಾಗೇ ಮಾಡೋಣ. ಇದರ ಬಾಲದಲ್ಲಿ ಒಂದು ಅಕ್ಷರ ಸೇರಿಸ್ತೀನಿ. ಅದಕ್ಕೆ ನೋವಾಗಲ್ಲ, ತೂಕ ಮಾತ್ರ ಒಂದು ಕೂದಲಷ್ಟು ಹೆಚ್ಚುತ್ತೆ. ಆಮೇಲೆ ಬೇರುಸಹಿತ ಅಳಿಸ್ತೀನಿ. ಯಾರಾದ್ರೂ ಕೈಯಾರೆ ಹೊಸದು ತಂದು ಹಾಕಿದ್ರೆ, ಹೊಸದರ ಬಾಲದಲ್ಲಿ ಗುರುತಿರಲ್ಲ. ಗುರುತಿನ ಜೊತೆಗೇ ಬಂದ್ರೆ, ಯಾರ ಕೈಯೂ ಇಲ್ಲ, ಯಂತ್ರವೇ ಒಳಗೆಲ್ಲೋ ಇದರ ನಕಲು ಇಟ್ಕೊಂಡಿದೆ ಅಂತ ಅರ್ಥ. ಸರಿನಾ?”

“ಸರಿ,” ಎಂದರು ಇಯಾ ರಫಾತು.

ಅವನು ಗುರುತು ಹಾಕಿದ, ಅಳಿಸಿದ, ಇಂಟರ್ನೆಟ್ಟಿನ ಮೋಡೆಮನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಮಸೀದಿಯಿಂದ ಶುಕ್ರವಾರದ ಕರೆ ಕೇಳಿತು. ಎಲ್ಲರೂ ಹೊರಟೆವು. ಬೀಗ ಹಾಕಿ ಬೀಗದಕೈಯನ್ನು ಇಯಾ ರಫಾತು ತಮ್ಮ ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡರು. ಪ್ರಾರ್ಥನೆಯಲ್ಲಿ ನನ್ನನ್ನು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ನಾನು ಹಣೆಯನ್ನು ನೆಲಕ್ಕೆ ಊರಿದಾಗ ಕೇಳಿಕೊಂಡದ್ದು ಒಂದೇ: ಅದು ಬಾರದಿರಲಿ. ಸತ್ತದ್ದು ಸತ್ತೇ ಇರಲಿ.

ಹಿಂದಿರುಗುವಾಗ ಧೂಳು ಇನ್ನೂ ಹೆಚ್ಚಿತ್ತು. ಸೂರ್ಯ ತೊಳೆಯದ ತಟ್ಟೆಯ ಹಾಗಿದ್ದ. ಬಾಗಿಲು ತೆಗೆಯುವ ಮೊದಲೇ ನನಗೆ ಆ ಉಸಿರು ಕೇಳಿಸಿತು.

ಪರದೆ ಬೆಳಗುತ್ತಿತ್ತು. ದೀಪ ಹತ್ತಿತ್ತು. ಒಸಾಜೆ ಕೂತು ತೂಕ ನೋಡಿದ.

“ಗುರುತಿದೆ. ಅದೇ ಅಕ್ಷರ, ಅದೇ ಬಾಲ. ಯಾರ ಕೈಯೂ ಇಲ್ಲ ಅಲ್ಹಾಜ. ಇದರ ಹಿಂದೆ ಇನ್ನೊಂದು ಕಾವಲು ಪ್ರೋಗ್ರಾಮು ಇದೆ. ಇದು ಹೇಗಿದೆಯೋ ಹಾಗೇ ನಕಲು ಇಟ್ಕೊಂಡು, ಸತ್ರೆ ಮತ್ತೆ ಎಬ್ಬಿಸುತ್ತೆ. ಈ ಸಿಸ್ಟರ್ ಮೇಲೆ ಏನೂ ಹೇಳೋಕಾಗಲ್ಲ.”

ನನ್ನ ಎದೆ ಹಗುರವಾಗುವಷ್ಟರಲ್ಲಿ ಇಯಾ ರಫಾತು ನನ್ನ ಎಡಗೈ ಹಿಡಿದು ಮೇಲೆತ್ತಿದರು. ಗಿಡ್ಡ ಕಿರುಬೆರಳು ಎಲ್ಲರ ಮುಂದೆ ನಿಂತಿತು.

“ಗುರುತಿನ ಜೊತೇಲೇ ಬಂತಲ್ಲ! ಇದೂ ಹಾಗೇ ಬಂದದ್ದು. ಇನ್ನೇನು ಬೇಕು ನಿಮಗೆ?”

ಒಸಾಜೆ ಸ್ವಲ್ಪ ಗಡುಸಾಗಿ, “ಇಯಾ, ಇನ್ನೂ ಮುಗಿದಿಲ್ಲ. ಕೈ ಬಿಡಿ ಅವಳ್ದು,” ಎಂದ.

ಅವನು ಅದರ ವಾಸದ ಜಾಗವನ್ನು ತೆರೆದ. ಕೆಟ್ಟವು ಯಂತ್ರದ ಮೂಲೆಮುಡುಕಿನಲ್ಲಿ, ದೊಡ್ಡ ಹೆಸರಿನವರ ನೆರಳಿನಲ್ಲಿ ಅಡಗಿರುತ್ತವಂತೆ. ಇದು ಅಡಗಿರಲಿಲ್ಲ. ಮುಬಾಶಿರು ಎಂಬ ಹೆಸರಿನ ಮನೆಯಲ್ಲೇ ಇತ್ತು. ಮಾಡಿದವರ ಹೆಸರು ಎಂಬಲ್ಲಿ ಮುಬಾಶಿರು. ತಾರೀಖು ಅವನು ಬದುಕಿದ್ದಾಗಿನದು. ಒಸಾಜೆ ಮೋಡೆಮ್ ಹಾಕಿ ನೋಡಿದ, ತೆಗೆದು ನೋಡಿದ. ಅದು ಹೊರಗಿನ ಯಾರೊಂದಿಗೂ ಮಾತಾಡಲಿಲ್ಲ.

“ನಿಮ್ಮ ಮಗ ಬರೆದದ್ದು ಅಲ್ಹಾಜ. ಎದುರಿಗೆ ಮನುಷ್ಯರ ಮುಖ ಇದ್ರೆ ಯಂತ್ರ ಎಚ್ಚರವಾಗಿರುತ್ತೆ. ಇಲ್ದಿದ್ರೆ ಪರದೆ ಆರಿಸಿ ಮಲಗುತ್ತೆ. ಜನರೇಟರ್ ಮೇಲೆ ಓಡೋವಾಗ ಪೆಟ್ರೋಲ್ ಉಳೀಲಿ ಅಂತ ಮಾಡಿರ್ಬೇಕು. ಮುಖ ಕಂಡ್ರೆ ಯಂತ್ರಕ್ಕೆ ಹೇಳೋ ಮಾತೇ ಇದು. ಹೋಗ್ಬೇಡ ಅಂತ. ನೀವೇ ಸರಿಯಾಗಿ ಓದಿದ್ದು.”

ಅಲ್ಹಾಜ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಸಿದರು. ಒಂದು ಕ್ಷಣ ನಾನು ಎಲ್ಲ ಮುಗಿಯಿತೆಂದುಕೊಂಡೆ.

“ಆದ್ರೆ,” ಎಂದ ಒಸಾಜೆ, ತನಗೆ ತಾನೇ ಹೇಳಿಕೊಳ್ಳುವವನಂತೆ, “ಕುರ್ಚಿ ಖಾಲಿ ಇರೋವಾಗ ಇದು ಯಾಕೆ ಮಲಗ್ತಿಲ್ಲ?”

ಮುಖ ಕಂಡಾಗಲೆಲ್ಲ ಅದು ಒಂದು ಸಣ್ಣ ಚಿತ್ರ ತೆಗೆದಿಡುತ್ತಿತ್ತು, ಕಂಡ ಮುಖದ ಸುತ್ತ ಒಂದು ಹಸಿರು ಚೌಕ ಹಾಕಿ. ಅವನು ಆ ಚಿತ್ರಗಳನ್ನು ತೆರೆದ. ಉಗುರಿನಷ್ಟು ಸಣ್ಣ ಚಿತ್ರಗಳು ಸಾಲುಸಾಲಾಗಿ ಬಂದವು. ಮೊದಲು ಮುಬಾ ಅಣ್ಣ, ನಗುತ್ತಾ, ಆಕಳಿಸುತ್ತಾ. ವಿದ್ಯಾರ್ಥಿಗಳು. ಅಲ್ಹಾಜ. ಆಮೇಲೆ ಈಚಿನ ವಾರಗಳವು. ಅಲ್ಲಿ ಖಾಲಿ ಕುರ್ಚಿ. ಖಾಲಿ ಕುರ್ಚಿ. ಖಾಲಿ ಕುರ್ಚಿ. ಎಷ್ಟು ಸರಿಸಿದರೂ ಅದೇ, ಬೆಳಗಿನ ಬೆಳಕಿನಲ್ಲಿ, ಸಂಜೆಯ ಬೆಳಕಿನಲ್ಲಿ. ಮುಖ ಕಂಡಿತು ಎಂದು ಯಂತ್ರ ಹೇಳಿ ತೆಗೆದ, ಯಾರೂ ಇಲ್ಲದ ಚಿತ್ರಗಳು.

“ಯಾ ಅಲ್ಲಾ,” ಎಂದರು ಇಯಾ ರಫಾತು. ಈಗ ಅವರೇ ನನ್ನ ತೋಳನ್ನು ಹಿಡಿದುಕೊಂಡಿದ್ದರು.

ಒಸಾಜೆಯ ಕತ್ತಿನ ಹಿಂದೆ ಬೆವರು ಕಂಡಿತು. ಅವನು ಒಂದು ಚಿತ್ರವನ್ನು ದೊಡ್ಡದು ಮಾಡಿದ. ಹಸಿರು ಚೌಕ ಇತ್ತು. ಕುರ್ಚಿಯ ಮೇಲಲ್ಲ, ಅದರ ಹಿಂದೆ, ಮೇಲೆ, ಗೋಡೆಯಲ್ಲಿ. ನಾವೆಲ್ಲ ಒಟ್ಟಿಗೆ ತಿರುಗಿ ನೋಡಿದೆವು.

ಗೋಡೆಯ ಮೇಲೆ ಮುಬಾ ಅಣ್ಣ ನಗುತ್ತಿದ್ದ. ವರ್ಷದ ಪ್ರಾರ್ಥನೆಗೆ ಬಂದವರಿಗೆಲ್ಲ ಹಂಚಿದ ಕ್ಯಾಲೆಂಡರ್. ತಿಂಗಳುಗಳು ಕೆಳಗೆ, ಮೇಲೆ ಅವನ ದೊಡ್ಡ ಮುಖ, ಕಸೂತಿ ಟೋಪಿ. ಉಳಿದದ್ದರಲ್ಲಿ ಒಂದನ್ನು ಅಲ್ಹಾಜ ಆ ಗೋಡೆಗೇ ತೂಗುಹಾಕಿದ್ದರು. ಅವನು ಬರೆದದ್ದು ಅವನ ಮುಖವನ್ನೇ ನೋಡುತ್ತಾ, ಹಗಲಿಡೀ, ಹೋಗಬೇಡ ಎನ್ನುತ್ತಿತ್ತು.

ಅಲ್ಹಾಜ ಎದ್ದು ಹೋಗಿ ಆ ಕಾಗದದ ಕೆನ್ನೆಯನ್ನು ಸವರಿದರು. ಒಸಾಜೆ ಇಯಾ ರಫಾತುವಿನತ್ತ ತಿರುಗಿದ. “ನೋಡಿದ್ರಾ ಇಯಾ? ಕೆಟ್ಟದ್ದಲ್ಲ. ಪಾಪದ್ದು.”

ಆದರೆ ಇಯಾ ರಫಾತು ಮುಂದೆ ಬಗ್ಗಿ ಇನ್ನೂ ಪರದೆಯನ್ನೇ ನೋಡುತ್ತಿದ್ದರು.

“ಹಿಂದಕ್ಕೆ ಹೋಗು.”

“ಎಲ್ಲಿಗೆ?”

“ಮೊದ್ಲಿನ ಚಿತ್ರಗಳಿಗೆ. ಕ್ಯಾಲೆಂಡರ್ ಹಾಕೋಕ್ಕಿಂತ ಮೊದ್ಲು. ನಿಧಾನ. ಇವಳೆಲ್ಲಿ?”

“ಯಾರು?”

“ಇವಳು. ಬೆಳಿಗ್ಗೆಯಿಂದ ಸಂಜೆವರೆಗೂ ಇದರ ಮುಂದೆ ಕೂರೋಳು. ಆಡು ಮಾರೋ ಲಮೀದಿ ಒಂದ್ಸಲ ಬಂದು ಕೂತಿದ್ದ, ಅವನಿದಾನೆ. ನಾನು ಒಂದ್ಸಲ ಬಗ್ಗಿ ನೋಡಿದ್ದೆ, ನಾನಿದೀನಿ. ಇವಳು ಎಲ್ಲಿ ತೋರ್ಸು.”

ಒಸಾಜೆ ಸರಿಸಿದ. ಸರಿಸುತ್ತಲೇ ಹೋದ. ನಾನು ಉಸಿರು ಹಿಡಿದು ನೋಡಿದೆ. ಕೆಲವು ಚಿತ್ರಗಳಲ್ಲಿ, ಬೇರೆಯವರ ಮುಖದ ಪಕ್ಕದಲ್ಲಿ, ಒಂದು ಕಪ್ಪು ಹಿಜಾಬಿನ ಅಂಚು, ಒಂದು ಬಗ್ಗಿದ ನೆತ್ತಿ. ಚೌಕ ಬೇರೆಯವರ ಸುತ್ತ. ನನ್ನ ಮುಖ ಎಲ್ಲೂ ಇರಲಿಲ್ಲ.

ಆಗ ನನಗೆ ನೆನಪಾಯಿತು. ಮೊದಲೆಲ್ಲ ನಾನು ಒಬ್ಬಳೇ ಟೈಪ್ ಮಾಡುತ್ತಿರುವಾಗ ಪರದೆ ತಟ್ಟನೆ ಕತ್ತಲಾಗುತ್ತಿತ್ತು. ಅಕ್ಷರಗಳು ಒಳಗೆ ಬೀಳುತ್ತಿದ್ದವು, ಕಾಣುತ್ತಿರಲಿಲ್ಲ. ಮೌಸ್ ಅಲ್ಲಾಡಿಸಿ ಎಬ್ಬಿಸುತ್ತಿದ್ದೆ. ಯಂತ್ರ ಹಳೆಯದು ಎಂದುಕೊಂಡಿದ್ದೆ. ಈಚೆಗೆ ಹಾಗಾಗುವುದು ನಿಂತಿತ್ತು, ಕ್ಯಾಲೆಂಡರ್ ಬಂದ ಮೇಲೆ.

“ಅವಳು ನಾಚಿಕೆಯೋಳು, ತಲೆ ಬಗ್ಗಿಸ್ಕೊಂಡೇ ಕೂರ್ತಾಳೆ,” ಎಂದ ಒಸಾಜೆ. “ಹಿಜಾಬು ಹುಬ್ಬಿನ ಕೆಳಗಿದೆ. ಮುಖ ಕಾಣದೆ ಅದೇನು ಮಾಡುತ್ತೆ?”

“ಮನುಷ್ಯರನ್ನ ಗುರುತಿಸೋ ಯಂತ್ರ ಅಂತ ನೀನೇ ಅಂದೆ. ನನ್ನ ತಂಗಿ ಮಗ ಬರೆದದ್ದು, ಸುಳ್ಳು ಹೇಳಲ್ಲ. ಗೋಡೆ ಮೇಲಿನ ಕಾಗದಾನ ಮನುಷ್ಯ ಅಂತು. ಇವಳನ್ನ ಅನ್ನಲಿಲ್ಲ.” ಇಯಾ ರಫಾತು ಸೊಂಟದ ಬಟ್ಟೆ ಬಿಗಿದುಕೊಂಡರು. ಅವರ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. ಭಯ ಇತ್ತು, ಅದು ಸಿಟ್ಟಿಗಿಂತ ಕೆಟ್ಟದ್ದು. “ಕೂರಿಸಿ ನೋಡು. ಈಗ, ನನ್ನ ಕಣ್ಣೆದುರಿಗೆ. ಮುಖ ಎತ್ತಿ ಕೂರ್ಲಿ. ಕಂಡ್ರೆ ಇರ್ತಾಳೆ. ಕಾಣದಿದ್ರೆ ಬಂಡಿ ಹೊರಗೇ ನಿಂತಿದೆ.”

ಅಲ್ಹಾಜ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ಅದರ ಮುಖವನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಎಲ್ಲರೂ ಪಕ್ಕಕ್ಕೆ ಸರಿದೆವು. ಸ್ವಲ್ಪ ಹೊತ್ತಿಗೆ ಬಿಳಿ ದೀಪ ಆರಿತು. ಫ್ಯಾನು ನಿಧಾನವಾಯಿತು. ಪರದೆ ಕಪ್ಪಾಯಿತು. ಇಷ್ಟು ವಾರಗಳಲ್ಲಿ ಮೊದಲ ಸಲ ಆ ಯಂತ್ರ ಮಲಗಿತು.

“ಕ್ಷಣಕ್ಕೊಂದ್ಸಲ ಕಣ್ಣು ತೆಗೆದು ನೋಡುತ್ತೆ,” ಎಂದ ಒಸಾಜೆ. “ಕೂತ್ಕೋ ಸಿಸ್ಟರ್. ಏನೂ ಆಗಲ್ಲ.”

ನಾನು ಕೂತೆ. ಹಿಜಾಬನ್ನು ಹುಬ್ಬಿನ ಮೇಲಕ್ಕೆ ಸರಿಸಿದೆ. ಬೋಳು ಹುಬ್ಬಿಗೆ ಗಾಳಿ ತಾಗಿತು. ಮುಖ ಎತ್ತಿದೆ. ಕಪ್ಪು ಪರದೆಯಲ್ಲಿ ನನ್ನ ಮುಖದ ಆಕಾರ ಮಸುಕಾಗಿ ಕಾಣುತ್ತಿತ್ತು, ನನಗೆ ಕಾಣುತ್ತಿತ್ತು. ಅದರ ಮೇಲೆ ಕ್ಯಾಮೆರಾದ ಗುಂಡು ಗಾಜು. ದೀಪ ಒಮ್ಮೆ ಮಿನುಗಿ, ನೋಡಿ, ಆರಿತು.

“ಸ್ವಲ್ಪ ಮುಂದೆ ಬಾ.”

ಮುಂದೆ ಬಂದೆ. ಮಿನುಗಿತು. ಆರಿತು.

“ಬಾಯಿ ಸ್ವಲ್ಪ ತೆಗಿ. ನಗು.”

ನಗಲು ನೋಡಿದೆ. ಹೊರಗೆ ಬಂಡಿಯ ಹುಡುಗ ‘ಇರಾಗ್ಬಿಜಿ, ಇರಾಗ್ಬಿಜಿ, ಒಬ್ರಿಗೆ ಜಾಗ’ ಎಂದು ಕೂಗುತ್ತಿದ್ದ. ಒಸಾಜೆ ಕ್ಯಾಮೆರಾವನ್ನು ಕೆಳಕ್ಕೆ ಬಗ್ಗಿಸಿದ, ಅಂಗಿಯ ತುದಿಯಿಂದ ಅದರ ಗಾಜನ್ನು ಒರೆಸಿದ. ಮಿನುಗಿತು. ಆರಿತು. ಇಯಾ ರಫಾತು ಒಳಗಿನ ಕೋಣೆಗೆ ಹೋದರು. ನನ್ನ ಬಟ್ಟೆಯ ಚೀಲವನ್ನು ಅವರು ಗೂಟದಿಂದ ತೆಗೆಯುವ ಸದ್ದು ಕೇಳಿತು. ನಾನು ಕಣ್ಣು ಮಿಟುಕಿಸಲಿಲ್ಲ. ನಾನಿದ್ದೇನೆ, ಎಂದುಕೊಂಡೆ. ನೋಡು. ನಾನಿದ್ದೇನೆ.

ಆಗ ಹಿಂದಿನಿಂದ ಅಲ್ಹಾಜ ಬಂದರು. ಹೆಗಲ ಮೇಲೆ ಕೈ ಇಟ್ಟು, ಬಗ್ಗಿ, ನನ್ನ ಕೆನ್ನೆಯ ಪಕ್ಕ ಕೆನ್ನೆ ತಂದು ಪಿಸುಗುಟ್ಟಿದರು. “ಹೆದರ್ಬೇಡ ನನ್ನವ್ವ. ನೇರವಾಗಿ ನೋಡು.”

ದೀಪ ಹತ್ತಿತು. ಪರದೆ ಬೆಳಗಿತು.

“ಬಂತು!” ಎಂದು ಅಲ್ಹಾಜ ಕೂಗಿದರು. “ಅಕ್ಕಾ, ಬಾ ಇಲ್ಲಿ, ಕಣ್ಣಾರೆ ನೋಡು! ಹತ್ತಿತು!”

ಇಯಾ ರಫಾತು ಚೀಲ ಹಿಡಿದುಕೊಂಡೇ ಓಡಿಬಂದರು. ದೀಪ ನೋಡಿದರು, ಪರದೆ ನೋಡಿದರು. ಅವರ ಹೆಗಲು ಇಳಿಯಿತು. ಚೀಲವನ್ನು ನೆಲಕ್ಕೆ ಬಿಟ್ಟು, ಅಂಗೈಯಿಂದ ಮುಖ ಒರೆಸಿಕೊಂಡು, “ಅಲ್ಹಮ್ದುಲಿಲ್ಲಾ,” ಎಂದರು. ಆಮೇಲೆ, ಸೋತದ್ದು ಗೊತ್ತಾಗಬಾರದೆಂದು, “ತಲೆ ಎತ್ತಿ ಕೂತಿದ್ರೆ ಇಷ್ಟೆಲ್ಲ ಆಗ್ತಿತ್ತಾ? ದಿನಾ ಸತ್ತೋರ ಹಾಗೆ ಬಗ್ಗಿ ಕೂರೋದು!” ಎಂದು ನನ್ನ ತಲೆಗೆ ಮೆಲ್ಲಗೆ ಮೊಟಕಿದರು. ಹೊರಗೆ ಹೋಗಿ, ಜಾಗ ಬೇಡ, ಹೋಗು ಎಂದು ಬಂಡಿಯ ಹುಡುಗನನ್ನು ಗದರಿಸಿದ್ದು ಕೇಳಿತು.

ಅಲ್ಹಾಜ ಅಳುತ್ತಾ ನಗುತ್ತಾ ನೀರು ತರಲು ಹೋದರು.

ಒಸಾಜೆ ಆ ಚಿತ್ರವನ್ನು ತೆರೆದ. ನಾನೂ ನೋಡಿದೆ. ಇಬ್ಬರಿದ್ದೆವು, ಕೆನ್ನೆಗೆ ಕೆನ್ನೆ. ನಾನು ಮುಖ ಎತ್ತಿದ್ದೆ, ಕಣ್ಣು ಅಗಲವಾಗಿ ತೆರೆದಿದ್ದೆ. ಬೋಳು ಹುಬ್ಬು, ಮೂಗು, ಬಾಯಿ, ಎಲ್ಲ ಸ್ಪಷ್ಟವಾಗಿತ್ತು. ಹಸಿರು ಚೌಕ ಒಂದೇ ಇತ್ತು. ಅದು ಅಲ್ಹಾಜರ ಮುಖದ ಸುತ್ತ ಇತ್ತು.

ಅವನು ಚೌಕವನ್ನು ನೋಡಿದ. ನನ್ನನ್ನು ನೋಡಿದ, ಮೊದಲು ಮುಖ, ಆಮೇಲೆ ಕೈ. “ಇವತ್ತು ಬೆಳಕು ಕಡಿಮೆ ಸಿಸ್ಟರ್,” ಎಂದ. “ಧೂಳು.”

“ಹೂಂ,” ಎಂದೆ.

ಇದೇ ಬೆಳಕಿನಲ್ಲಿ ಅದು ಕಾಗದದ ಮುಖವನ್ನು ಕಂಡಿತ್ತು ಎಂದು ನಾನು ಹೇಳಲಿಲ್ಲ. ಕೈ ಚಾಚಿ ಚಿತ್ರವನ್ನು ಮುಚ್ಚಿದೆ. ಅವನು ತಡೆಯಲಿಲ್ಲ. ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡು, ಕೈ ಕುಲುಕದೆ ಹೋದ. ಬಂದಾಗ ಕುಲುಕಿದ್ದ.

ಅಲ್ಹಾಜ ನೀರು ಕೊಟ್ಟರು, ಕುಡಿದೆ. ಅವರು ಕ್ಯಾಲೆಂಡರನ್ನು ಸುರುಳಿ ಸುತ್ತಿ ಮನೆಗೆ ಒಯ್ಯಲು ಹೊರಟರು. ಹೋಗುವ ಮೊದಲು ಒಂದು ಕಟ್ಟು ಕಾಗದ ನನ್ನ ಮುಂದಿಟ್ಟು, “ಇದನ್ನ ಟೈಪ್ ಮಾಡಿಡು ಕಶಿ. ವಾಸಿಲಳಿಗೆ ನಾನೇ ಹೋಗಿ ಹೇಳ್ತೀನಿ, ಹೆದರೋಂಥದ್ದು ಏನೂ ಇಲ್ಲ ಅಂತ,” ಎಂದರು.

ನಾನು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೂತೆ. ಬೆನ್ನು ನೆಟ್ಟಗೆ, ಮುಖ ಮೇಲೆ. ಅವರ ಚಪ್ಪಲಿಯ ಸದ್ದು ಬಾಗಿಲು ದಾಟಿತು. ಬಿಳಿ ದೀಪ ಒಮ್ಮೆ ಮಿನುಗಿತು, ಕುರ್ಚಿಯನ್ನು ನೋಡಿತು, ಆರಿತು. ಪರದೆ ಅಂಚಿನಿಂದ ಮಬ್ಬಾಗುತ್ತಾ ಕಪ್ಪಾಯಿತು. ಮೌಸ್ ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಕಾಗದ ನೋಡಿಕೊಂಡು ಟೈಪ್ ಮಾಡತೊಡಗಿದೆ. ಅಕ್ಷರಗಳು ಒಳಗೆ ಬೀಳುತ್ತಿದ್ದವು.